ಮೇಷ್ಟ್ರ ಏಳು ವಿಮಾನಗಳಿಗೆ ಕೆಂಪರಾಜು ಬಣ್ಣ ಬಳಿದದ್ದು

ಸರಿಯಾಗಿ ಬಣ್ಣ ಬಳಿದ ವಿಮಾನ ವೈರಿಗೆ ಕಾಣುವುದಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ಎಲ್ಲರೂ ಎಂದರೆ ತುಮಕೂರಿನ ಏಳು ಜನ. ಪ್ರತಿ ಭಾನುವಾರ ನಾಲ್ಕು ಗಂಟೆಗೆ ಇವರು ಕಂಪ್ಯೂಟರ್ ಆಟದಲ್ಲಿ ಯುದ್ಧವಿಮಾನ ಹಾರಿಸುತ್ತಿದ್ದರು. ಎರಡನೇ ಮಹಾಯುದ್ಧದ ಇಟಲಿಯ ವಿಮಾನ, ಕೆಳಗೆ ಆಫ್ರಿಕದ ಮರಳುಗಾಡು, ಎದುರಿಗೆ ಮಂಡ್ಯದ ಏಳು ಜನ. ಪ್ರತಿ ಭಾನುವಾರವೂ ತುಮಕೂರಿನವರೇ ಸೋಲುತ್ತಿದ್ದರು.

ಇವರ ಮುಖಂಡರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು ರೇವಣಸಿದ್ದಯ್ಯ. ಸೋಲಿಗೆ ಕಾರಣ ಬಣ್ಣ ಎಂದು ಅವರು ಕಂಡುಹಿಡಿದಿದ್ದರು. ಮಂಡ್ಯದವರ ವಿಮಾನವೂ ನಮಗೆ ದೂರದಿಂದಲೇ ಕಾಣುತ್ತದಲ್ಲ ಎಂದು ಯಾರಾದರೂ ಕೇಳಿದರೆ, ಅವರ ಬಣ್ಣವೂ ಕಳಪೆ ಎನ್ನುತ್ತಿದ್ದರು.

ಅದೇ ಊರಿನಲ್ಲಿ ಪುಟ್ಟನಂಜಮ್ಮ ಎಂಬ ತಾಯಿ, ಕೆಂಪರಾಜು ಎಂಬ ಮಗ. ಮಗ ಅಂಗಡಿಗಳಿಗೆ ಬೋರ್ಡು ಬರೆಯುವವನು. ಕೈ ಚಿನ್ನ, ತಲೆ ಖಾಲಿ. "ದೊಡ್ಡದಾಗಿ ಒಂದು ಬೋರ್ಡು ಬರಿಯಪ್ಪ" ಎಂದು ಕಿರಾಣಿ ಅಂಗಡಿಯವನು ಹೇಳಿದ್ದಕ್ಕೆ, "ಬೋರ್ಡು" ಎಂದೇ ಮೂರಡಿ ಅಕ್ಷರದಲ್ಲಿ ಬರೆದು ಬಂದಿದ್ದ. ಹೀಗೆ ನಾಲ್ಕು ಕಡೆ ಓಡಿಸಿದ್ದರು. ಐದನೆಯವರು, ಆಟದ ವಿಮಾನಕ್ಕೆ ಬಣ್ಣ ಬಳಿಯಲು ಕರೆದ ಮೇಷ್ಟ್ರು. ಆರನೆಯವರು ಯಾರೂ ಇರಲಿಲ್ಲ.

"ಇದೂ ಹೋದ್ರೆ ನಿನ್ನ ಯಾರೂ ಬಾಗಿಲಿಗೆ ಸೇರ್ಸಲ್ಲ ಕಣೋ! ಹೇಳಿದ್ದನ್ನ ಹೇಳಿದ ಹಾಗೇ ಮಾಡು!" ಎಂದಳು ತಾಯಿ.

"ಹೂಂ ಕಣವ್ವಾ," ಎಂದ ಮಗ. ಹಾಗೇ ಮಾಡಿದ. ತೊಂದರೆ ಆಗಿದ್ದೇ ಅದರಿಂದ.

ಸೋಮವಾರ ಮೇಷ್ಟ್ರು ಹೇಳಿದರು, "ವಿಮಾನ ಮರಳುಗಾಡಿನ ಹಾಗೆ ಕಾಣ್ಬೇಕಪ್ಪ." ಕೆಂಪರಾಜು ಮೌಸ್ ಹಿಡಿದು ಬಳಿದ. ರೆಕ್ಕೆಗೆ ಮರಳು, ಬಾಲಕ್ಕೆ ಮರಳು, ಹೊಟ್ಟೆಗೂ ಮರಳು. ಮೂಗಿನ ಹತ್ತಿರ ಎರಡು ಒಂಟೆ.

"ಹೊಟ್ಟೆಗೆ ಯಾಕೋ ಮರಳು? ಕೆಳಗಿಂದ ತಲೆ ಎತ್ತಿದೋನಿಗೆ ಮರಳುಗಾಡು ಕಾಣುತ್ತೇನೋ?"

ಮನೆಗೆ ಬಂದು ಹೇಳಿದ. ತಾಯಿ ಹಣೆ ಹಣೆ ಚಚ್ಚಿಕೊಂಡಳು. "ದಡ್ಡ ಮುಂಡೇದೇ! ಹೊಟ್ಟೆಗೆ ಆಕಾಶ ಬಳೀಬೇಕು! ಹೊರಗೆ ಹೋಗಿ ತಲೆ ಎತ್ತಿ ನೋಡ್ಬೇಕು, ಕಂಡದ್ದನ್ನ ಬಳೀಬೇಕು!"

"ಹೂಂ ಕಣವ್ವಾ."

ಮಂಗಳವಾರ ಹೊರಗೆ ಹೋದ, ತಲೆ ಎತ್ತಿ ನೋಡಿದ, ಕಂಡದ್ದನ್ನ ಬಳಿದ. ವಿಮಾನದ ಹೊಟ್ಟೆಯ ಉದ್ದಕ್ಕೂ ಕರೆಂಟಿನ ತಂತಿ. ತಂತಿಗೆ ಸಿಕ್ಕಿಕೊಂಡ ಗಾಳಿಪಟ. ಅದರ ಪಕ್ಕ ಹೂವಿನ ಚಿತ್ತಾರದ ಏನೋ ಒಂದು.

"ಇದೇನೋ ಇದು?"

"ಪಕ್ಕದ ಮನೆಯೋರ ಲಂಗ ಸಾರ್. ಮಹಡಿ ಮೇಲೆ ಒಣಗ್ತಿತ್ತು."

ಮನೆಯಲ್ಲಿ ಮತ್ತೆ ಬೈಗುಳ. "ಕಂಡದ್ದನ್ನೆಲ್ಲ ಬಳೀತಾರೇನೋ! ಮೇಷ್ಟ್ರ ಹತ್ರ ಆ ವಿಮಾನದ ಹಳೇ ಫೋಟೊ ಇದ್ಯಂತಲ್ಲ! ಅದರಲ್ಲಿರೋ ಹಾಗೇ ಬಳಿ! ಒಂದು ಚುಕ್ಕಿ ಹೆಚ್ಚಾಗ್ಬಾರ್ದು, ಒಂದು ಚುಕ್ಕಿ ಕಮ್ಮಿಯಾಗ್ಬಾರ್ದು!"

"ಹೂಂ ಕಣವ್ವಾ."

ಫೋಟೊ ಎಂಬತ್ತು ವರ್ಷ ಹಳೆಯದು, ಕಪ್ಪು ಬಿಳುಪು. ಬುಧವಾರ ವಿಮಾನ ಬೂದಿಯ ಬಣ್ಣಕ್ಕೆ ತಿರುಗಿತು. ಫೋಟೊ ಮಡಿಸಿದ ಗೆರೆ ರೆಕ್ಕೆಯ ಮೇಲೆ ಬಂತು. ಮೇಷ್ಟ್ರು ಅದರ ಮೇಲೆ ಕಾಫಿ ಲೋಟ ಇಟ್ಟಿದ್ದ ಗುರುತು ಬಾಲದ ಮೇಲೆ ಬಂತು. ಲೋಟದ ಅಳತೆಯಲ್ಲಿ ತಪ್ಪಿರಲಿಲ್ಲ.

"ಬಣ್ಣ ಯಾವುದು, ಕಲೆ ಯಾವುದು ಗೊತ್ತಾಗಲ್ವೇನೋ!" ಎಂದಳು ತಾಯಿ. "ಕಲೆ ಕಂಡ್ರೆ ಒರೆಸ್ಬೇಕು! ಎಲ್ಲಿ ಕಂಡ್ರೂ ಒರೆಸ್ಬೇಕು!"

"ಹೂಂ ಕಣವ್ವಾ."

ಮೇಷ್ಟ್ರಿಗೆ ಸಾಕಾಗಿತ್ತು. ಗುರುವಾರ, ಶುಕ್ರವಾರ ಎರಡು ದಿನ ತಾವೇ ಕೂತು ಏಳೂ ವಿಮಾನಕ್ಕೆ ಬಳಿದರು. ಇಟಲಿಯವರ ರೀತಿಯಲ್ಲೇ ಬಳಿದರು: ಮರಳಿನ ಬಣ್ಣದ ಮೇಲೆ ಹೊಗೆಯ ಸುರುಳಿಯಂಥ ಪುಟ್ಟ ಪುಟ್ಟ ಹಸಿರು ಉಂಗುರ, ಒಂದರಂತೆ ಇನ್ನೊಂದಿಲ್ಲ. ಬೆನ್ನು ಹಿಡಿದುಕೊಂಡಿತು. ಶನಿವಾರ ಕೆಂಪರಾಜುವನ್ನು ಕರೆದು, "ಬಾಲದ ಹತ್ರ ಬಿಳೀ ಪಟ್ಟಿ ಹಾಕು. ಅಷ್ಟೇ," ಎಂದು ಹೇಳಿ ಸ್ನಾನಕ್ಕೆ ಹೋದರು.

ಸ್ನಾನ ಮುಗಿಸಿ ಬಂದಾಗ ಬಿಳೀ ಪಟ್ಟಿ ಇತ್ತು. ಹಸಿರು ಉಂಗುರ ಒಂದೂ ಇರಲಿಲ್ಲ.

"ಪಾಚಿ ಕಟ್ಟಿತ್ತು ಸಾರ್. ಏಳನ್ನೂ ಒರೆಸಿದೆ."

ಮೇಷ್ಟ್ರು ಕೂಗಾಡಲಿಲ್ಲ. ಕುರ್ಚಿ ಎಳೆದು ಕೂತರು. "ನಾಳೆ ಭಾನುವಾರ," ಎಂದರು. "ನಾಳೆನೂ ಸೋತ್ರೆ ಸೋಮವಾರದಿಂದ ನೀನು ಬರ್ಬೇಡ."

ತಾಯಿ ಈ ಸಲ ಬೈಯಲು ಹೋಗಿ ಅತ್ತುಬಿಟ್ಟಳು. "ಅದು ಕಲೆ ಅಲ್ವೋ, ಅದೇ ಬಣ್ಣ! ವಿಮಾನ ಕಾಣ್ಬಾರ್ದು ಅಂತ ತಾನೇ ಇಷ್ಟೆಲ್ಲ ಬಳಿಯೋದು! ಕಾಣ್ಬಾರ್ದು! ಅಷ್ಟು ಮಾಡು ಸಾಕು, ಇನ್ನೇನೂ ಬೇಡ!"

"ಹೂಂ ಕಣವ್ವಾ."

ಬಣ್ಣವನ್ನು ದಪ್ಪ, ತೆಳು ಮಾಡಲು ಕಂಪ್ಯೂಟರಿನಲ್ಲಿ ಒಂದು ಗುಂಡಿ ಇತ್ತು. ಪೂರ್ತಿ ಕೆಳಗೆ ಎಳೆದರೆ ವಿಮಾನ ಗಾಜಿಗಿಂತ ಗಾಜು. ಭಾನುವಾರ ಬೆಳಿಗ್ಗೆ ಕೆಂಪರಾಜು ಎಳೆದ. ಏಳಕ್ಕೂ ಎಳೆದ.

ನಾಲ್ಕು ಗಂಟೆಗೆ ಮೇಷ್ಟ್ರ ಮನೆಯ ಹಜಾರದಲ್ಲಿ ಏಳೂ ಜನ ಕೂತರು. ಪುಟ್ಟನಂಜಮ್ಮ ಬಾಗಿಲಲ್ಲಿ ನಿಂತಳು.

"ವಿಮಾನ ಎಲ್ಲೋ?"

"ಇದೆ ಸಾರ್. ಕಾಣಲ್ಲ."

ಮೇಷ್ಟ್ರು ಚಾಲೂ ಮಾಡಿದರು. ಬರೀ ನೆಲದಿಂದ ಎಂಜಿನ್ ಸದ್ದು ಬಂತು. ಏಳು ಜನ ಒಬ್ಬರ ಮುಖ ಒಬ್ಬರು ನೋಡಿದರು.

"ಪೆದ್ದ ಅಂತೀರಲ್ರೀ ಇವನ್ನ!" ಎಂದು ಕೂಗಿದ ಬ್ಯಾಂಕಿನ ಲೋಕೇಶಪ್ಪ. "ಮುಗೀತು ಬಿಡಿ ಮಂಡ್ಯದವರ ಕತೆ!"

ಮೇಷ್ಟ್ರು ಕೆಂಪರಾಜುವಿನ ಬೆನ್ನು ತಟ್ಟಿದರು. ಪುಟ್ಟನಂಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಏಳು ವಿಮಾನ ಹಾರಿದವು. ನಾಲ್ಕು ನಿಮಿಷದಲ್ಲಿ ಏಳೂ ಉದುರಿದವು.

ಮೇಷ್ಟ್ರು ನಿಧಾನವಾಗಿ ಕೆಂಪರಾಜುವಿನ ಕಡೆ ತಿರುಗಿದರು. "ಮೇಷ್ಟ್ರೇ, ಇದೊಂದ್ಸಲ..." ಎಂದು ಶುರು ಮಾಡಿದಳು ತಾಯಿ.

ಅಷ್ಟರಲ್ಲಿ ಮಂಡ್ಯದವರು, ಕಾಳಗ ತಮ್ಮ ಕಡೆಯಿಂದ ಹೇಗೆ ಕಂಡಿತೆಂದು ವಿಡಿಯೊ ಕಳಿಸಿದರು. ಜೊತೆಗೆ ನಗುವ ಮುಖಗಳು. ಮೇಷ್ಟ್ರು ಅದನ್ನು ಹಾಕಿದರು. ನೀಲಿ ಆಕಾಶ. ಒಂದು ರೆಕ್ಕೆಯಿಲ್ಲ, ಒಂದು ಬಾಲವಿಲ್ಲ.

"ಏನೂ ಕಾಣಲ್ವಲ್ರೀ!" ಎಂದ ಲೋಕೇಶಪ್ಪ. "ಮತ್ತೆ ಅದು ಹೆಂಗ್ ಹೊಡೆದ್ರು?"

ಕೆಂಪರಾಜು ಆಗಲೇ ಟವೆಲ್ಲಿನ ತುದಿಗೆ ಉಗುಳು ಹಚ್ಚಿ ಮೇಷ್ಟ್ರ ಕಂಪ್ಯೂಟರಿನ ಪರದೆ ಉಜ್ಜುತ್ತಿದ್ದ.

"ಏನೋ ಮಾಡ್ತಿದ್ದೀಯ?"

"ಕೆಂಪು ಕಲೆ ಸಾರ್. ಏಳಿವೆ. ಎಷ್ಟು ಒರೆಸಿದ್ರೂ ಹೋಗ್ತಿಲ್ಲ. ಓಡಾಡ್ತಿವೆ!"

ಮೇಷ್ಟ್ರು ಕನ್ನಡಕ ಹಾಕಿಕೊಂಡು ಬಗ್ಗಿದರು. ಉಳಿದ ಆರು ಜನರೂ ಬಗ್ಗಿದರು. ಮಂಡ್ಯದವರ ಮೇಲೆ ಗುರಿ ಇಡಲು ಈ ಏಳು ಜನರೂ ಎರಡು ವರ್ಷದಿಂದ ಅದನ್ನೇ ನೋಡುತ್ತಿದ್ದರು.

"ಟವೆಲ್ ತೆಗಿಯೋ," ಎಂದರು ಮೇಷ್ಟ್ರು. ಆಮೇಲೆ ಬಾಗಿಲ ಕಡೆ ನೋಡಿ, "ಪುಟ್ಟನಂಜಮ್ಮ, ಇದರಲ್ಲಿ ಇವನ ತಪ್ಪೇನಿಲ್ಲ. ನಾಳೆ ಹತ್ತಕ್ಕೆ ಕಳಿಸಮ್ಮ," ಎಂದರು.

ವಾರದಿಂದ ಹಿಡಿದಿದ್ದ ಉಸಿರನ್ನು ತಾಯಿ ಪೂರ್ತಿ ಬಿಟ್ಟಳು.

ಆ ಆಟದಲ್ಲಿ, ವೈರಿಯ ಪ್ರತಿ ವಿಮಾನದ ಮೇಲೂ ಅದನ್ನು ಹಾರಿಸುವವನ ಹೆಸರು ಕೆಂಪು ಅಕ್ಷರದಲ್ಲಿ ತೇಲುತ್ತಿರುತ್ತದೆ.