ಅವರೆಕಾಯಿಗೆ ಸೊಗಡು ಬಂದದ್ದು

ಲೋಕ ಇನ್ನೂ ಹಸಿಮಣ್ಣಿನ ಮಡಕೆಯ ಹಾಗಿದ್ದ ಕಾಲ. ಮುಟ್ಟಿದರೆ ಬೆರಳಿನ ಗುರುತು ಉಳಿಯುತ್ತಿತ್ತು. ಎಲ್ಲಿ ಕೂರುವುದೆಂದು ಬೆಟ್ಟಗಳು ಇನ್ನೂ ಮಾತಾಡಿಕೊಳ್ಳುತ್ತಿದ್ದವು. ಹೊಳೆ ಕಂಡವರನ್ನೆಲ್ಲ ದಾರಿ ಕೇಳಿಕೊಂಡು ಹರಿಯುತ್ತಿತ್ತು.

ಆ ಕಾಲದಲ್ಲಿ ಮಂಜಿಗೆ ಹೊತ್ತು ಗೊತ್ತು ಇರಲಿಲ್ಲ. ಬೇಸಿಗೆಯೋ ಮಳೆಗಾಲವೋ, ಬೆಳಗೋ ಬೈಗೋ, ಮನಸ್ಸು ಬಂದಾಗ ಇಳಿದು ಬರುತ್ತಿತ್ತು. ಅದಕ್ಕೆ ಬಾಯಿ ಇರಲಿಲ್ಲ, ಹಲ್ಲು ಇರಲಿಲ್ಲ. ಹಸಿವು ಮಾತ್ರ ಇತ್ತು.

ಬಾಯಿಲ್ಲದ್ದು ಏನು ತಿಂದೀತು? ವಾಸನೆ ತಿನ್ನುತ್ತಿತ್ತು.

ಸಂಪಿಗೆ ಮರದ ಮೇಲೆ ಹಾದುಹೋದರೆ ಹೂವು ಹಾಗೇ ಇರುತ್ತಿತ್ತು, ಘಮ ಇರುತ್ತಿರಲಿಲ್ಲ. ಮಳೆ ಬಿದ್ದ ನೆಲದ ಮೇಲೆ ಹಾದುಹೋದರೆ ಮಣ್ಣು ಒದ್ದೆಯಾಗಿಯೇ ಇರುತ್ತಿತ್ತು, ಕಂಪು ಇರುತ್ತಿರಲಿಲ್ಲ. ತೊಟ್ಟಿಲ ಮೇಲೆ ಹಾದುಹೋದರೆ, ಕೂಸಿನ ನೆತ್ತಿ ಮೂಸಿದ ತಾಯಿ ಬೆಚ್ಚಿಬಿದ್ದು, "ಇದು ಯಾರ ಮಗು?" ಅನ್ನುತ್ತಿದ್ದಳು.

ಆಗಿನ ಜನಕ್ಕೆ ಮನೆಯ ದಾರಿ ತೋರಿಸುತ್ತಿದ್ದದ್ದು ಮೂಗು. ಒಲೆಯ ಹೊಗೆ, ಕೊಟ್ಟಿಗೆಯ ಸಗಣಿ, ಸಾರಿನ ಒಗ್ಗರಣೆ, ಎಲ್ಲ ಸೇರಿ ಒಂದೊಂದು ಮನೆಗೆ ಒಂದೊಂದು ವಾಸನೆ. ಮಂಜಿನೊಳಗೆ ಸಿಕ್ಕಿಕೊಂಡವರು ಅದನ್ನು ಕಳೆದುಕೊಂಡು ಬರುತ್ತಿದ್ದರು. ತಮ್ಮ ಮನೆಯ ಎದುರಿಗೇ ನಿಂತಿರುತ್ತಿದ್ದರು. ಒಳಗೆ ಮಾತ್ರ ಬರುತ್ತಿರಲಿಲ್ಲ.

ಅಂಥ ಕಾಲದಲ್ಲಿ, ಒಂದು ಕೆರೆಯ ಹಿಂದೆ, ಚೆಲುವಿ ಎಂಬ ಹೊಸ ಸೊಸೆ ಇದ್ದಳು. ಅವಳ ಗಂಡ ಕುರಿ ಹೊಡೆದುಕೊಂಡು ದೂರದ ಸೀಮೆಗೆ ಮೇಯಿಸಲು ಹೋಗಿದ್ದ. ಮನೆಯಲ್ಲಿ ಅವಳು, ಅವಳ ಅತ್ತೆ ದೊಡ್ಡೀರಮ್ಮ, ಒಂದು ಹಸು, ಒಂದು ತುಂಟ ಕರು.

ದೊಡ್ಡೀರಮ್ಮನ ಕೈಯಡುಗೆ ಅಂದರೆ ಹೊಳೆಯೂ ಒಂದು ಗಳಿಗೆ ನಿಂತು ಹೋಗುತ್ತಿತ್ತು. ಕಾಳು ಯಾವುದೇ ಇರಲಿ, ಹುರುಳಿ, ಅಲಸಂದೆ, ತೊಗರಿ, ಅವಳ ಮಡಕೆಯಲ್ಲಿ ಬೆಣ್ಣೆಯ ಹಾಗೆ ಬೇಯುತ್ತಿತ್ತು. ಬೇಲಿಯ ಮೇಲೆ ಹಬ್ಬಿದ್ದ ಅವರೆಯನ್ನೂ ಅವಳು ಬಿಡುತ್ತಿರಲಿಲ್ಲ. ಆಗ ಅವರೆಗೆ ವಾಸನೆಯೆಂಬುದೇ ಇರಲಿಲ್ಲ; ನೀರು ಅಗಿದ ಹಾಗೆ. ಆದರೂ ಕಾಯಿ ಸುಲಿದು, ಬೆಳ್ಳುಳ್ಳಿ ಜಜ್ಜಿ, ಮೆಣಸು ಕೊತ್ತಂಬರಿ ಅರೆದು, ಸಬ್ಬಸಿಗೆ ಸೊಪ್ಪು ಹಾಕಿ ಕುದಿಸಿ, ಬಿಸಿ ಮುದ್ದೆಯ ಪಕ್ಕ ಬಡಿಸುತ್ತಿದ್ದಳು.

"ತಿನ್ನು ಮಗಾ. ತವರು ಬಿಟ್ಟು ಬಂದ ಹೊಟ್ಟೆಗೆ ಬೆಚ್ಚಗಿರೋದು ಬೀಳಬೇಕು."

ಚೆಲುವಿ ತಿನ್ನುತ್ತಿದ್ದಳು. ತವರಿನ ನೆನಪಾಗಿ ಕಣ್ಣು ತುಂಬಿದರೆ, ದೊಡ್ಡೀರಮ್ಮ ನೋಡಿಯೂ ನೋಡದವಳ ಹಾಗೆ ಇನ್ನೊಂದು ಸೌಟು ಸಾರು ಬಿಡುತ್ತಿದ್ದಳು.

ಒಂದು ಮಧ್ಯಾಹ್ನ ಕರು ಹಗ್ಗ ಕಿತ್ತುಕೊಂಡು ಕೆರೆಯ ಕಡೆ ಓಡಿತು. "ಒಲೆ ನೋಡ್ಕೋ, ಬಂದೆ" ಎಂದು ದೊಡ್ಡೀರಮ್ಮ ಹಿಂದೆಯೇ ಹೋದಳು. ಅವಳು ಏರಿ ಹತ್ತಿದ್ದೇ ತಡ, ಕೆರೆಯ ಮೇಲಿಂದ ಮಂಜು ಎದ್ದಿತು. ಸದ್ದಿಲ್ಲದೆ ಎದ್ದಿತು. ಏರಿ ಮುಚ್ಚಿತು, ಹುಣಸೆಮರ ಮುಚ್ಚಿತು.

"ಅತ್ತೆಮ್ಮಾ!" ಚೆಲುವಿ ಕೂಗಿದಳು.

"ಓ, ಬಂದೆ ಮಗಾ" ಎಂದಿತು ಅತ್ತೆಯ ದನಿ. ಬಲಗಡೆಯಿಂದ.

"ಓ, ಬಂದೆ ಮಗಾ" ಎಂದಿತು ಅದೇ ದನಿ. ಎಡಗಡೆಯಿಂದ.

"ಓ, ಬಂದೆ ಮಗಾ." ಈಗ ಬೆನ್ನ ಹಿಂದಿನಿಂದ, ಕಿವಿಯ ಹತ್ತಿರವೇ. ಅಲ್ಲಿ ಯಾರೂ ಇರಲಿಲ್ಲ.

ಕರು ಮಾತ್ರ ನಡುಗುತ್ತಾ ಬಂತು. ಹಸು ಅದನ್ನು ಮೂಸಿ ನೋಡಿ ಒದ್ದುಬಿಟ್ಟಿತು.

ಬೈಗಿನ ಹೊತ್ತಿಗೆ ಮಂಜು ತೆಳ್ಳಗಾಯಿತು. ಚೆಲುವಿ ನೋಡುತ್ತಾಳೆ, ಬೇಲಿಯಾಚೆ ದೊಡ್ಡೀರಮ್ಮ ನಿಂತಿದ್ದಾಳೆ. ಅವಳೊಬ್ಬಳೇ ಅಲ್ಲ. ಹಿಂದೆ ಇನ್ನೂ ಯಾರ್ಯಾರೋ. ಬುಟ್ಟಿ ಹೊತ್ತ ಹೆಂಗಸು, ಕೋಲೂರಿದ ಮುದುಕ, ಎಂದೋ ಯಾವ ಊರಿಂದಲೋ ಹೊರಟವರು. ಎಲ್ಲರ ರೆಪ್ಪೆಯ ಮೇಲೂ ಹನಿ ಕೂತಿತ್ತು. ಯಾರೂ ರೆಪ್ಪೆ ಬಡಿಯುತ್ತಿರಲಿಲ್ಲ.

ಚೆಲುವಿ ಓಡಿಹೋಗಿ ಅತ್ತೆಯ ಕೈ ಹಿಡಿದಳು. ಕೈ ಬಾವಿಯ ಕಲ್ಲಿನ ಹಾಗೆ ತಣ್ಣಗಿತ್ತು.

"ಬನ್ನಿ ಅತ್ತೆಮ್ಮ, ಒಳಗೆ ಬನ್ನಿ."

ದೊಡ್ಡೀರಮ್ಮ ಮನೆಯನ್ನು ನೋಡಿದಳು, ಸೊಸೆಯನ್ನು ನೋಡಿದಳು. "ಯಾರ ಮನೆ ತಾಯಿ ಇದು?" ಎಂದು ಮೆಲ್ಲಗೆ ಕೇಳಿದಳು. "ಚೆನ್ನಾಗಿದೆ. ಹೊತ್ತಾಯ್ತು, ನನಗೋಸ್ಕರ ಮನೇಲಿ ಕಾಯ್ತಿರ್ತಾರೆ. ನಾನು ಹೋಗಬೇಕು."

ಹಾಗೆ ಹೇಳಿ, ಎಲ್ಲಿಗೂ ಹೋಗದೆ, ಅಲ್ಲೇ ನಿಂತಳು.

ಚೆಲುವಿ ಒಳಗೆ ಓಡಿದಳು. ಅತ್ತೆ ಮಾಡುವ ಹಾಗೆಯೇ ಹುರುಳಿ ಬೇಯಿಸಿದಳು, ಅತ್ತೆ ಜಜ್ಜುವ ಹಾಗೆಯೇ ಬೆಳ್ಳುಳ್ಳಿ ಜಜ್ಜಿದಳು. ಒಗ್ಗರಣೆ ಚಟಪಟ ಎಂದಿತು. ಅಷ್ಟರಲ್ಲಿ ಬಾಗಿಲ ಸಂದಿಯಿಂದ ಏನೋ ಬೆಳ್ಳಗೆ ನುಸುಳಿ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ತೆವಳುತ್ತಾ ಬಂದು, ಒಲೆಯ ಸುತ್ತ ಸುತ್ತಿಕೊಂಡಿತು. ಮಡಕೆ ಕುದಿಯುತ್ತಲೇ ಇತ್ತು. ವಾಸನೆ ಮಾತ್ರ ಇಲ್ಲವಾಯಿತು.

ಮಂಜು ಹೊರಟುಹೋದ ಮೇಲೆ ಗಾಳಿ ಕಿಟಕಿಗೆ ಬಂತು.

"ಗಾಳಿಯಪ್ಪಾ, ಅದನ್ನು ದೂರ ತಳ್ಳು" ಎಂದು ಚೆಲುವಿ ಕೈ ಮುಗಿದಳು.

"ಆಗಲ್ಲ ಕಣವ್ವಾ. ತಿಂದು ತಿಂದು ಭಾರವಾಗಿದೆ, ನನ್ನ ಮಾತು ಕೇಳಲ್ಲ. ಆದರೆ ಬಿಸಿಲಿಗೆ ಹೆದರುತ್ತೆ. ಮೂಡಲು ಕೆಂಪಾಗೋ ಮೊದಲೇ ಎದ್ದು ಓಡುತ್ತೆ. ಓಡಲಾಗದಷ್ಟು ಹೊಟ್ಟೆ ತುಂಬಿದರೆ ಏನಾಗುತ್ತೋ ಯಾರು ಕಂಡಿದ್ದಾರೆ?"

"ಮಲಗೋದೆಲ್ಲಿ?"

"ನನ್ನ ಮೇಲೆ" ಎಂದಿತು ಬೇಲಿಯ ಅವರೆ ಬಳ್ಳಿ. "ನನಗೆ ವಾಸನೆಯಿಲ್ಲವಲ್ಲ. ಉಣ್ಣೋಕೆ ಏನೂ ಇಲ್ಲದ ಕಡೆ ನೆಮ್ಮದಿಯಾಗಿ ನಿದ್ದೆ ಬರುತ್ತಂತೆ. ನನ್ನ ಬೆನ್ನು ಮುರಿದುಹೋಯ್ತವ್ವಾ."

ಕೋಳಿ ಕೂಗುವ ಮೊದಲು ಚೆಲುವಿ ಎದ್ದು ಬೇಲಿಯ ಬಳಿಗೆ ಹೋದಳು. ಬಳ್ಳಿಯ ಮೇಲೆ ಮಂಜು ಮಲಗಿತ್ತು. ಅವಳು ಬಳ್ಳಿಯ ಬುಡದಲ್ಲಿ ಕೂತಳು. ಬೆನ್ನ ಹಿಂದೆ, ನಿಂತವರು ನಿಂತೇ ಇದ್ದರು.

"ಹಸಿವಾಗಿದೆಯಾ?" ಎಂದು ಕೇಳಿದಳು.

"ಯಾವಾಗಲೂ" ಎಂದಿತು ಮಂಜು, ಅತ್ತೆಯ ದನಿಯಲ್ಲಿ.

ಚೆಲುವಿಯ ಮೈ ಜುಮ್ಮೆಂದಿತು. ಆದರೂ ಏಳಲಿಲ್ಲ.

"ನನ್ನ ಹತ್ತಿರ ಒಂದು ಇಡೀ ಮನೆ ಇದೆ. ನಮ್ಮಮ್ಮನ ಮನೆ. ಬೇಕಾ?"

ಮಂಜು ಬಳ್ಳಿಯಿಂದ ಇಳಿದು ಅವಳ ಮುಖದ ಹತ್ತಿರ ಬಂತು. ಮುಖವಿಲ್ಲದ್ದು ಮುಖದ ಹತ್ತಿರ ಬಂದರೆ ಹೇಗಿರುತ್ತದೆ ಎಂಬುದು ಅವಳಿಗೆ ಆಗ ತಿಳಿಯಿತು.

ಅವಳು ಕಣ್ಣು ಮುಚ್ಚಿ ಒಂದೊಂದಾಗಿ ನೆನೆದಳು. ಅಮ್ಮನ ಸೆರಗಿನ ವಾಸನೆ. ಮಂಜು ತಿಂದಿತು. ಅಪ್ಪನ ಕಂಬಳಿಯ ವಾಸನೆ. ತಿಂದಿತು. ರಾಗಿ ತುಂಬಿದ ಮಣ್ಣಿನ ವಾಡೆ, ತಂಗಿಯ ಎಣ್ಣೆ ತಲೆ, ಹಿತ್ತಿಲ ಹಾಗಲ ಬಳ್ಳಿ. ಒಂದೊಂದು ಹೋದಾಗಲೂ ಅವಳೊಳಗೆ ಒಂದೊಂದು ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.

"ಇನ್ನೂ" ಎಂದಿತು ಮಂಜು.

"ಇನ್ನೂ ಇದೆ" ಎಂದಳು ಅವಳು, ಅಳುತ್ತಾ.

ಕೊನೆಗೆ ತೊಟ್ಟಿಲಿನಲ್ಲಿದ್ದಾಗ ಕುಡಿದ ಹಾಲಿನ ವಾಸನೆಯೊಂದೇ ಉಳಿಯಿತು. ಅದನ್ನೂ ಕೊಟ್ಟಳು. ಅಷ್ಟರಲ್ಲಿ ಮೂಡಲು ಕೆಂಪಾಗಿತ್ತು.

ಮಂಜು ಏಳಲು ನೋಡಿತು. ಏಳಲಾಗಲಿಲ್ಲ. ಬಿಸಿಲಿನ ಮೊದಲ ಕಿರಣ ತಾಗಿದ್ದೇ, ಅದರೊಳಗಿಂದ ನೂರಾರು ದನಿಗಳು ಒಟ್ಟಿಗೆ ಎದ್ದವು. ಮುದುಕರ ದನಿ, ಮಕ್ಕಳ ದನಿ, ಎಲ್ಲವೂ "ಓ, ಬಂದೆ, ಬಂದೆ" ಎನ್ನುವವೇ. ಮಂಜು ಕರಗಿ ಹನಿಹನಿಯಾಗಿ ಅವರೆಯ ಮೇಲೆ ಸುರಿಯಿತು. ಬಾಯಾರಿದ್ದ ಬಳ್ಳಿ ಗಟಗಟನೆ ಕುಡಿಯಿತು. ಎಲೆಯಲ್ಲಿ ಕುಡಿಯಿತು, ಹೂವಿನಲ್ಲಿ ಕುಡಿಯಿತು, ಕಾಯಿಯ ಸಿಪ್ಪೆಯೆಲ್ಲ ಅಂಟಂಟಾಗುವವರೆಗೆ ಕುಡಿಯಿತು.

ಬಡಕಲಾದ ಮಂಜು, "ನನ್ನದೆಲ್ಲ ಹೋಯಿತು" ಎಂದು ಮುಲುಗಿತು.

"ನಿನ್ನದು ಯಾವಾಗ ಆಗಿತ್ತು?" ಎಂದಿತು ಬಳ್ಳಿ. "ಚಳಿಗಾಲದಲ್ಲಿ ಬೇಕಾದರೆ ಬಾ. ಬೆಳಗಿನ ಜಾವ ಬಂದು ಮೂಸಿಕೊಂಡು ಹೋಗು. ಬಿಸಿಲೇರೋ ಮೊದಲು ಹೊರಡಬೇಕು. ಹೊರಡುವಾಗ ಹನಿ ಬಿಟ್ಟು ಹೋಗಬೇಕು."

ಮಂಜು ಕೆರೆಯ ಮೇಲೆ ಹೊಗೆಯ ಎಳೆಯಂತೆ ತೇಲಿಹೋಯಿತು.

ಚೆಲುವಿ ಮಡಿಲ ತುಂಬ ಕಾಯಿ ಕಿತ್ತಳು, ಸುಲಿದಳು, ಒಲೆಗಿಟ್ಟಳು. ಬೆಳ್ಳುಳ್ಳಿ, ಮೆಣಸು, ಕೊತ್ತಂಬರಿ, ಸಬ್ಬಸಿಗೆ. ಮಡಕೆ ಕುದಿಯತೊಡಗಿದಂತೆ ಲೋಕದಲ್ಲಿ ಅದುವರೆಗೆ ಇಲ್ಲದಿದ್ದ ಸೊಗಡೊಂದು ಎದ್ದು ಬೇಲಿ ದಾಟಿತು.

ಕೋಲೂರಿದ ಮುದುಕ ತಲೆಯೆತ್ತಿದ. "ನಮ್ಮ ಹಟ್ಟಿ!" ಎಂದ. ಬುಟ್ಟಿಯ ಹೆಂಗಸು, "ಅಯ್ಯೋ, ನನ್ನ ಕೂಸು ಹಸಿದಿರುತ್ತೆ!" ಎಂದು ಓಡಿದಳು. ಒಬ್ಬೊಬ್ಬರೂ ರೆಪ್ಪೆಯ ಹನಿ ಒರೆಸಿಕೊಂಡು ತಮ್ಮ ತಮ್ಮ ದಾರಿ ಹಿಡಿದರು. ಎಷ್ಟೋ ವರ್ಷದಿಂದ ನಿಂತಿದ್ದ ಕೆಲವರಿಗೆ ಹೋಗಲು ಮನೆಯೇ ಉಳಿದಿರಲಿಲ್ಲ. ಅವರು ಸೊಗಡು ಮೂಸಿ, ಒಮ್ಮೆ ನಕ್ಕು, ಬಿಸಿಲಿನಲ್ಲಿ ಇಲ್ಲವಾದರು.

ದೊಡ್ಡೀರಮ್ಮ ನೇರ ಅಡುಗೆಮನೆಗೆ ಬಂದಳು. "ಉಪ್ಪು ಹಾಕಿದ್ಯೇನೇ?" ಎಂದು ಕೇಳಿ, ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು. ಚೆಲುವಿ ಅವಳನ್ನು ತಬ್ಬಿಕೊಂಡು ಅತ್ತಳು.

ಮುಂದೆ ಹಬ್ಬಕ್ಕೆ ತವರಿಗೆ ಹೋದಾಗ ಚೆಲುವಿಗೆ ಬಾಗಿಲು ಯಾವುದೆಂದು ಗೊತ್ತಾಗಲಿಲ್ಲ. ಅವಳಮ್ಮನೇ ಬಂದು ಕೈ ಹಿಡಿದು ಒಳಗೆ ಕರೆದುಕೊಳ್ಳಬೇಕಾಯಿತು. ಆದರೆ ಚಳಿಗಾಲದಲ್ಲಿ ಅವರೆ ಸಾರಿನ ತಟ್ಟೆ ಮುಂದಿಟ್ಟುಕೊಂಡಾಗ, ಹಬೆಯೊಳಗಿಂದ ಯಾರೋ ತನ್ನನ್ನು ಹಾಲು ಕುಡಿಯುತ್ತಿದ್ದಾಗಿನ ಹೆಸರಿನಿಂದ ಕರೆದಂತಾಗುತ್ತಿತ್ತು. ಅವಳು ತುತ್ತು ಹಿಡಿದು ಹಬೆಗೆ ಕಿವಿಗೊಡುತ್ತಿದ್ದಳು. ದೊಡ್ಡೀರಮ್ಮ ಇನ್ನೊಂದು ಸೌಟು ಬಿಡುತ್ತಿದ್ದಳು.

ಅದಕ್ಕೇ ಮಕ್ಕಳೇ, ಇವತ್ತಿಗೂ ಇಬ್ಬನಿ ಬೀಳದೆ ಅವರೆಕಾಯಿಗೆ ಸೊಗಡು ಬರುವುದಿಲ್ಲ. ಚಳಿಯ ಬೆಳಗಿನಲ್ಲಿ ಅವರೆ ಹೊಲದ ಮೇಲೆ ಬೆಳ್ಳಗೆ ಏನೋ ಬಗ್ಗಿ ಮೂಸುತ್ತಿರುವುದು ಕಾಣುತ್ತದೆ, ಮತ್ತು ಕಾಯಿ ಸುಲಿದ ನಿಮ್ಮ ಬೆರಳುಗಳನ್ನು ಎಷ್ಟು ತೊಳೆದರೂ ಆ ವಾಸನೆ ನಿಮ್ಮನ್ನು ಬಿಟ್ಟು ಹೋಗುವುದಿಲ್ಲ.