ಅಮಾವಾಸ್ಯೆಯ ಸಭೆ

ಹೊನ್ನಪ್ಪನೆಂಬ ಶಿಷ್ಯ ಊರಿಗೆ ಹೋಗಿ ಬಂದವನು ಗುರುಗಳ ಮುಂದೆ ಕುಳಿತು ಕೇಳಿದ:

"ಗುರುಗಳೇ, ನಮ್ಮ ಹೊಳೆಯನ್ನು ಉಳಿಸಬೇಕೆಂದು ದಂಡೆಯ ಊರಿನವರೆಲ್ಲ ಸಭೆ ಸೇರಿದೆವು. ಎಲ್ಲರೂ ಒಂದೇ ಗುರಿ ಇಟ್ಟುಕೊಂಡೆವು. ಒಬ್ಬರೂ ಬೇಡ ಅನ್ನಲಿಲ್ಲ. ಇನ್ನು ಹೊಳೆ ಉಳಿದ ಹಾಗೆಯೇ ಅಲ್ಲವೇ?"

ಗುರುಗಳು ಒಂದು ಕತೆ ಹೇಳಿದರು.

ಬೆಟ್ಟದಲ್ಲಿ ಹುಟ್ಟಿ ಕಡಲು ಸೇರುವ ಒಂದು ಹೊಳೆ. ಅದರ ದಂಡೆಯ ಮೇಲೆ ಒಬ್ಬ ರೈತನಿದ್ದ. ಮೇಲಿನ ಬೆಟ್ಟದವರು ಮರ ಕಡಿದರು. ಮಣ್ಣು ಕೊಚ್ಚಿ ಬಂದು ಹೊಳೆ ತುಂಬಿತು. ಬೇಸಿಗೆ ಬಂದರೆ ಹೊಳೆ ಸೊರಗುತ್ತಿತ್ತು, ಕಡಲಿನ ಉಪ್ಪುನೀರು ಮೇಲೇರುತ್ತಿತ್ತು. ರೈತನ ಬಾವಿಯ ನೀರು ಬಾಯಿಗಿಡಲಾಗದಂತಾಯಿತು. ಪ್ರತಿ ಊರೂ ಇನ್ನೊಂದು ಊರನ್ನು ಬೈಯುತ್ತಿತ್ತು. ಬೈಯಲು ಎಲ್ಲರಿಗೂ ಪುರುಸೊತ್ತಿತ್ತು, ಹೊಳೆಯತ್ತ ತಿರುಗಿ ನೋಡಲು ಇರಲಿಲ್ಲ.

ರೈತ ಒಳ್ಳೆಯವನು, ಹಿಡಿದ ಕೆಲಸ ಬಿಡದವನು. ಊರೂರು ಅಲೆದು, ಕಂಡವರಿಗೆಲ್ಲ ಕೈಮುಗಿದು, ಸಭೆಗೆ ಒಪ್ಪಿಸಿದ. ಯಾವ ದಿನ ಸೇರುವುದು? ಅಮಾವಾಸ್ಯೆಯಂದು ಯಾರೂ ನೇಗಿಲು ಹೂಡುವುದಿಲ್ಲ, ಎಲ್ಲರಿಗೂ ಬಿಡುವು. ಅದೇ ಸರಿ ಎಂದರು.

ಬೆಟ್ಟದವರು ಬಂದರು, ಗದ್ದೆಯವರು ಬಂದರು. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಕೆಸರು ಕೆದಕಿ, ತಿನ್ನುವ ಚಿಪ್ಪಿ ಹೆಕ್ಕಿ ಬದುಕುವವರು ಮಾತ್ರ ಬರಲಿಲ್ಲ. ಮುಂದಿನ ಅಮಾವಾಸ್ಯೆಗೂ ಬರಲಿಲ್ಲ. ಮೂರನೆಯ ಅಮಾವಾಸ್ಯೆಯಂದು ಗುರಿಗಳು ನಿಶ್ಚಯವಾದವು. ಬೆಟ್ಟದಲ್ಲಿ ಮರ ನೆಡುವುದು, ಹೊಳೆಗೆ ಕಸ ಹಾಕದಿರುವುದು. ಮಳೆಗಾಲ ಮುಗಿದೊಡನೆ ಅಳಿವೆಗೆ ಅಡ್ಡವಾಗಿ ಹಲಗೆಯ ಒಡ್ಡು ಹಾಕಿ ಉಪ್ಪುನೀರನ್ನು ತಡೆಯುವುದು.

"ಅಳಿವೆಯವ್ರನ್ನ ಕೇಳದೆ ಒಡ್ಡು ಹಾಕೂದಾ?" ಎಂದ ರೈತ.

"ಮೂರು ಸಲ ಕರೆ ಹೋಗಿದೆ ಮಾರಾಯಾ. ಬರದಿದ್ದವ್ರಿಗೆ ಹೊಳೆ ಚಿಂತೆ ಎಲ್ಲಿದೆ?" ಎಂದರು ಉಳಿದವರು.

ರೈತನಿಗೆ ಒಂದು ಮುಖ ಕಣ್ಣ ಮುಂದೆ ಬಂತು. ಅಳಿವೆಯ ಒಬ್ಬ ಮುದುಕಿ, ಅವನ ತಾಯಿ ಸತ್ತಾಗ ಅವನನ್ನು ಎತ್ತಿ ಆಡಿಸಿದವಳು. ಈಗಲೂ ವಾರಕ್ಕೊಮ್ಮೆ ಬುಟ್ಟಿಯಲ್ಲಿ ಚಿಪ್ಪಿ ತಂದುಕೊಟ್ಟು, ಅವನ ಮನೆಯಿಂದ ಅಕ್ಕಿ ಒಯ್ಯುತ್ತಿದ್ದಳು. ಹೋಗಿ ಅವಳನ್ನು ಒಂದು ಮಾತು ಕೇಳಬೇಕು ಅನ್ನಿಸಿತು. ಆದರೆ ಅಷ್ಟೂ ಊರುಗಳು ಒಂದಾದ ಸಂತೋಷದಲ್ಲಿ ಸಭೆಯೇ ಕೈ ಎತ್ತಿತ್ತು. ಅವನೂ ಎತ್ತಿದ.

ಎರಡು ವರ್ಷಗಳಲ್ಲಿ ಬಾವಿಗಳು ಸಿಹಿಯಾದವು. ಬೆಟ್ಟದಲ್ಲಿ ಹಸಿರು ಕಂಡಿತು. ಜನ ರೈತನನ್ನು ಹಾಡಿ ಹೊಗಳಿದರು. ಹೊಗಳಿಕೆ ಕೇಳುತ್ತ ಕೂತವನಿಗೆ, ಮುದುಕಿ ಬಾಗಿಲಿಗೆ ಬಾರದೆ ಎಷ್ಟೋ ದಿನವಾದದ್ದು ಗಮನಕ್ಕೇ ಬರಲಿಲ್ಲ. ಗಮನಕ್ಕೆ ಬಂದ ದಿನವೇ ಅಳಿವೆಗೆ ಓಡಿದ.

ಉಪ್ಪು ಬೆರೆಯದ ನೀರಿನಲ್ಲಿ ಆ ಚಿಪ್ಪಿ ಬದುಕುವುದಿಲ್ಲ. ಒಡ್ಡಿನ ಒಳಗೆ ಕೆಸರು ಕಪ್ಪಾಗಿ ನಾರುತ್ತಿತ್ತು. ಬಾಯಿ ತೆರೆದ ಖಾಲಿ ಚಿಪ್ಪುಗಳು ರಾಶಿ ಬಿದ್ದಿದ್ದವು. ಗುಡಿಸಲುಗಳಲ್ಲಿ ಜನವಿರಲಿಲ್ಲ. ಮುದುಕಿಯೊಬ್ಬಳೇ ಜಗಲಿಯಲ್ಲಿ ಕುಳಿತು ಬಟ್ಟೆಯ ಗಂಟು ಕಟ್ಟುತ್ತಿದ್ದಳು. ಮಗಳು ದೂರದ ಬಂದರಿಗೆ ಮೀನು ಶುಚಿಮಾಡುವ ಕೆಲಸಕ್ಕೆ ಹೋಗಿದ್ದಳು. ಇವಳೂ ಅಲ್ಲಿಗೇ ಹೊರಟಿದ್ದಳು.

"ದೊಡ್ಡಮ್ಮಾ, ಮೂರು ಸಲ ಕರೆ ಕಳ್ಸಿದ್ವಲ್ಲ. ಒಂದು ಸಲನಾದ್ರೂ ಬಂದು ಬೇಡ ಅನ್ಬಾರದಿತ್ತಾ?" ಎಂದ ರೈತ.

ಮುದುಕಿ ಗಂಟು ಬಿಗಿಯುತ್ತಲೇ ಹೇಳಿದಳು: "ಅಮಾಸೆ ದಿನ ಕರದ್ರೆ ಹ್ಯಾಂಗೆ ಬರೂದು ಮಗಾ? ಅಮಾಸಿಗೆ ನೀರು ತಳದ ತನಕ ಇಳೀತದೆ. ಆವತ್ತು ಹೆಕ್ಕಿದ್ರೇ ನಮ್ಗೆ ಗಂಜಿ. ನಿನ್ನನ್ನ ಸೊಂಟದ ಮೇಲೆ ಕಟ್ಕಂಡು ಅದೇ ಕೆಸರಲ್ಲಿ ನಿಂತವಳು ನಾನು. ನಿಂಗೆ ಗೊತ್ತಿದೆ ಅಂದ್ಕಂಡಿದ್ದೆ."

ರೈತ ಅಲ್ಲೇ ಕುಳಿತು ಅತ್ತ. ಅವನಿಗೆ ಗೊತ್ತಿತ್ತು, ನೆನಪಾಗಿರಲಿಲ್ಲ.

ಮರುದಿನವೇ ಊರೂರಿನವರ ಕಾಲು ಹಿಡಿದು ಒಡ್ಡಿನ ಹಲಗೆ ತೆಗೆಸಿದ. ಉಪ್ಪುನೀರು ಒಳಗೆ ಬಂತು. ಆದರೆ ಕೆಸರಿನಲ್ಲಿ ಮರಿ ಹಾಕಲು ಒಂದು ಚಿಪ್ಪಿಯೂ ಉಳಿದಿರಲಿಲ್ಲ, ಅಳಿವೆಯಲ್ಲಿ ಹೆಕ್ಕುವವರೂ ಉಳಿದಿರಲಿಲ್ಲ. ಮುದುಕಿ ಆ ಬಂದರಿನಲ್ಲೇ ತೀರಿಹೋದಳು. ಸುದ್ದಿ ಅವನಿಗೆ ತಲುಪುವಾಗ ಅವಳ ಉತ್ತರಕ್ರಿಯೆಯ ಬೊಜ್ಜವೂ ಮುಗಿದಿತ್ತು.

ಗುರುಗಳು ಕತೆ ನಿಲ್ಲಿಸಿದರು. ಹೊನ್ನಪ್ಪನಿಗೆ ತಡೆಯಲಾಗಲಿಲ್ಲ.

"ರೈತನ ತಪ್ಪೇನು ಗುರುಗಳೇ? ಅವನು ಕರೆ ಕಳಿಸಿದ್ದನಲ್ಲ?"

ಗುರುಗಳು ಕೇಳಿದರು: "ನಿಮ್ಮ ಸಭೆಗೆ ಬಾರದವರ ಮನೆಗೆ ನೀನು ಹೋಗಿದ್ದೆಯಾ, ಹೊನ್ನಪ್ಪಾ?"