ತಾರಸಿ ತುಂಬ ಸಂಡಿಗೆ

ಆಗ ನಾನು ಒಂದನೇ ಕ್ಲಾಸು. ಓನರ್ ಸಾಲ ಕಟ್ಟದೆ, ನಾವು ಬಾಡಿಗೆಗಿದ್ದ ಮನೇನ ಬ್ಯಾಂಕಿನವರು ಹರಾಜಿಗಿಟ್ರು. ಅಜ್ಜಿಗೆ ಅದನ್ನ ಕೊಳ್ಳೋ ಆಸೆ. ಆದ್ರೆ ಕಂಟ್ರಾಕ್ಟರ್ ಬೋರಲಿಂಗಪ್ಪ ಮನೆ ನೋಡೋಕೆ ಬರ್ತೀನಿ ಅಂದ. ಅವನ ಮುಂದೆ ನಾವೆಲ್ಲಿ ಸವಾಲು ಕೂಗೋದು?

ಅಜ್ಜಿ ನಮ್ಮ ಬೀದಿಯ ಹೆಂಗಸರನ್ನೆಲ್ಲ ಕರೆದು, ಮೊದಲ ಸಲ ನಮ್ಮ ತಾರಸಿ ತುಂಬ ಸಂಡಿಗೆ ಹಾಕಿಸಿದ್ರು.

ತಾರಸಿ ಹತ್ತಿದ ಬೋರಲಿಂಗಪ್ಪನಿಗೆ ಕಾಲಿಡೋಕೂ ಜಾಗವಿಲ್ಲ. "ಇದೇನಮ್ಮಾ? ತೆಗೆಸು!"

"ಬೀದಿಯವರದ್ದೆಲ್ಲ ಪ್ರತಿ ಬೇಸಿಗೆ ಇಲ್ಲೇ ಒಣಗೋದು ಸ್ವಾಮಿ. ಬೇಡ ಅಂತ ಇವರಿಗೆ ನೀವೇ ಹೇಳಿಬಿಡಿ."

ಮೂವತ್ತು ಹೆಂಗಸರು ಸೊಂಟಕ್ಕೆ ಕೈಯಿಟ್ಟು ಅವನನ್ನೇ ನೋಡಿದ್ರು. ಅವನು ಹರಾಜಿನ ಕಡೆಗೇ ಬರಲಿಲ್ಲ.

ಮನೆ ನಮ್ಮದಾಯ್ತು. ಮುಂದಿನ ಬೇಸಿಗೆ ಎಲ್ಲರೂ ಸಂಡಿಗೆ ಹಿಟ್ಟು ಹೊತ್ತು ಬಂದ್ರು. "ಪ್ರತಿ ಬೇಸಿಗೆ ಅಂದ್ರಲ್ಲ ನೀವು?"

ಅಜ್ಜಿ ನಗ್ತಾ ದಾರಿ ಬಿಟ್ರು.

ಈಗ ಅಜ್ಜಿ ಇಲ್ಲ. ಬೇಸಿಗೆ ಬಂದ್ರೆ ನಾನು ತಾರಸಿ ಮೇಲೆ ಪುಸ್ತಕ ಹಿಡ್ಕೊಂಡು, ಬೀದಿಯವರ ಸಂಡಿಗೆಗೆ ಬರೋ ಕಾಗೆ ಓಡಿಸ್ತಾ ಕೂತಿರ್ತೀನಿ.